ನಮ್ಮ ಗೋಲ್‌ಕೀಪರು ಫೇಲಾಗಲಿ

ಒಬ್ಬ ಹುಡುಗ ಪರೀಕ್ಷೆಯಲ್ಲಿ ಫೇಲಾಗಲಿ ಎಂದು ದೇವರಿಗೆ ಅರ್ಚನೆ ಮಾಡಿಸಿದವರನ್ನು ನೀವು ಈವರೆಗೆ ನೋಡಿರಲಾರಿರಿ. ಈಗ ನೋಡಿಬಿಡಿ, ನಾನೇ ಅವನು. ಆ ಹುಡುಗನ ಮೇಲೆ ನನಗೆ ಹಗೆಯೇನೂ ಇರಲಿಲ್ಲ. ಹಗೆಯಿದ್ದಿದ್ದರೆ, ಪಾಸಾಗಿ ಎಲ್ಲಿಗಾದರೂ ತೊಲಗಲಿ ಎಂದು ಸುಮ್ಮನಿರುತ್ತಿದ್ದೆ. ನನಗಿದ್ದದ್ದು ಪ್ರೀತಿ. ಅವನು ನಮ್ಮ ಕಾಲೇಜಿನ ಫುಟ್‌ಬಾಲ್ ತಂಡದ ಗೋಲ್‌ಕೀಪರು.

ಅರಸೀಕೆರೆಯಲ್ಲಿ ಆಗ ನಮ್ಮದೊಂದು ಪುಟ್ಟ ಇಂಟರ್‌ಮೀಡಿಯೆಟ್ ಕಾಲೇಜು. ನಾನು ಅಲ್ಲಿ ಮೇಷ್ಟ್ರಲ್ಲ, ಆಟಗಾರನಂತೂ ಮೊದಲೇ ಅಲ್ಲ. ಆಫೀಸಿನಲ್ಲಿ ಟೈಪ್‌ರೈಟರಿನ ಮುಂದೆ ಕೂರುವ ಗುಮಾಸ್ತ. ಜೀವಮಾನದಲ್ಲಿ ಒಂದೇ ಒಂದು ಸಲ ಚೆಂಡನ್ನು ಒದ್ದಿದ್ದೇನೆ. ಚೆಂಡು ಇದ್ದಲ್ಲೇ ಇತ್ತು, ನನ್ನ ಚಪ್ಪಲಿ ಗೋಲಿನೊಳಗೆ ಹೋಯಿತು. ಅಲ್ಲಿಗೆ ಆಡುವುದನ್ನು ಬಿಟ್ಟು ನೋಡುವುದನ್ನು ಹಿಡಿದೆ. ನೋಡುವುದರಲ್ಲಿ ನನ್ನ ಸಮಕ್ಕೆ ನಿಲ್ಲುವವರು ತಾಲ್ಲೂಕಿನಲ್ಲಿ ಇರಲಿಲ್ಲ ಎಂದು ಈಗಲೂ ಹೇಳಬಲ್ಲೆ.

ನನ್ನ ಮೇಜಿನ ಪಕ್ಕದ ಕಿಟಕಿ ಮೈದಾನದ ಕಡೆಗಿತ್ತು. ಬೇಸಿಗೆಯಲ್ಲಿ ಮೈದಾನ ಖಾಲಿ. ಮಧ್ಯಾಹ್ನದ ಗಾಳಿಗೆ ಆಚೆಯ ತೆಂಗಿನ ಗರಿಗಳು ಅಲ್ಲಾಡುತ್ತಿದ್ದವು, ದೂರದಲ್ಲಿ ಜಂಕ್ಷನ್ನಿನಲ್ಲಿ ರೈಲಿನ ಡಬ್ಬಿಗಳನ್ನು ಜೋಡಿಸುವ ಸದ್ದು ಕೇಳುತ್ತಿತ್ತು. ಅರೆಗಣ್ಣು ಮುಚ್ಚಿದರೆ ಸಾಕು, ಆ ಖಾಲಿ ಮೈದಾನದಲ್ಲಿ ಡಿಸೆಂಬರಿನ ಪಂದ್ಯಗಳು ಶುರುವಾಗಿಬಿಡುತ್ತಿದ್ದವು. ನಮ್ಮ ಹನ್ನೊಂದು ಮಂದಿ ಇಳಿಯುತ್ತಿದ್ದರು, ಎದುರಾಳಿಗಳ ಮುಖ ಮಾತ್ರ ಮಸುಕು. ನಾವು ಗೆಲ್ಲುತ್ತಿದ್ದೆವು. ಗೆದ್ದ ಕಪ್ಪನ್ನು ಇಡುವುದಕ್ಕೆಂದು ಆಫೀಸಿನ ಬೀರುವಿನಲ್ಲಿ ಒಂದು ಅರೆಯನ್ನು ನಾನು ಮೊದಲೇ ಖಾಲಿ ಮಾಡಿ ಒರೆಸಿಟ್ಟಿದ್ದೆ. ಬರಲಿರುವ ತಂಡದ ಪಟ್ಟಿಯನ್ನು ಬಿಡುವಾದಾಗಲೆಲ್ಲ ಟೈಪು ಮಾಡುತ್ತಿದ್ದೆ. ಒಮ್ಮೆ ಆ ಪಟ್ಟಿ ಹೇಗೋ ವಿಶ್ವವಿದ್ಯಾನಿಲಯಕ್ಕೆ ಹೋಗಬೇಕಾದ ಪತ್ರದ ಜೊತೆ ಸೇರಿಕೊಂಡು ಹೋಗಿ, ‘ಈ ಹನ್ನೊಂದು ಅಭ್ಯರ್ಥಿಗಳು ಯಾವ ವಿಷಯಕ್ಕೆ ಕುಳಿತವರು, ಕೂಡಲೇ ತಿಳಿಸತಕ್ಕದ್ದು’ ಎಂದು ಅಲ್ಲಿಂದ ಉತ್ತರ ಬಂತು. ಪ್ರಿನ್ಸಿಪಾಲರು ನನ್ನನ್ನು ಕರೆದು, ಪಟ್ಟಿಯನ್ನೂ ನನ್ನನ್ನೂ ಬಾರಿಬಾರಿಗೆ ನೋಡಿ, ಪಟ್ಟಿಯನ್ನು ಮಡಿಸಿ ನನ್ನ ಕೈಗೇ ಕೊಟ್ಟು ಕಳಿಸಿದರು.

ಪಂದ್ಯಗಳು ಶುರುವಾಗುವ ಮೊದಲೇ ತಂಡವನ್ನು ಹೊಗಳುವುದು ಹಳೆಯ ಕಸುಬು. ರಾಜ ದಂಡೆತ್ತಿ ಹೊರಡುವಾಗ ವಂದಿಮಾಗಧರು ಹಾಡುತ್ತಿದ್ದರಲ್ಲ, ಅವರ ವಂಶದವರು ನಾವು. ಯುದ್ಧ ಸೋತು ಬಂದಮೇಲೆ ಅವರನ್ನು ಯಾರೂ ಹಿಡಿದು ಕೇಳಿದಂತೆ ಕಾಣುವುದಿಲ್ಲ. ಇನ್ನು ನಮ್ಮ ಸೀಮೆಯಲ್ಲಿ ಹೊಲದ ಬದುವಿನಲ್ಲಿ, ಕೆರೆ ಏರಿಯ ಮೇಲೆ ಎಲ್ಲೆಲ್ಲೂ ವೀರಗಲ್ಲುಗಳು. ಗಮನಿಸಿ ನೋಡಿ, ಕಲ್ಲು ನೆಟ್ಟಿರುವುದು ಹೋರಾಡಿ ಬಿದ್ದವನಿಗೆ. ಕೆಳಗಿನ ಅಂಕಣದಲ್ಲಿ ಏಟು ತಿನ್ನುತ್ತಾನೆ, ಮೇಲಿನದರಲ್ಲಿ ಅಪ್ಸರೆಯರ ಕೈಹಿಡಿದು ಸ್ವರ್ಗಕ್ಕೆ ಹೋಗುತ್ತಾನೆ. ನಮ್ಮ ತಂಡ ಪ್ರತಿವರ್ಷ ಮೊದಲ ಸುತ್ತಿನಲ್ಲೇ ಬಿದ್ದಾಗ ನಾನು ನೆನೆದುಕೊಳ್ಳುತ್ತಿದ್ದುದು ಈ ಕಲ್ಲುಗಳನ್ನು. ಹಳೇಬೀಡಿನ ದೇವಾಲಯದ ಗೋಡೆಯ ಬಗ್ಗೆಯೂ ನನ್ನದೊಂದು ಸಿದ್ಧಾಂತವಿದೆ. ಎಲ್ಲಕ್ಕಿಂತ ಕೆಳಗೆ ಆನೆಗಳ ಸಾಲು, ಕುದುರೆಗಳ ಸಾಲು ಅದಕ್ಕಿಂತ ಮೇಲೆ. ಭಾರದವು ಹಿಂದೆ ನಿಲ್ಲಬೇಕು, ಓಡುವವು ಮುಂದಿರಬೇಕು ಎಂಬುದು ಆ ಶಿಲ್ಪಿಗಳಿಗೆ ಗೊತ್ತಿತ್ತು. ಇದನ್ನು ಒಮ್ಮೆ ನಮ್ಮ ಹುಡುಗರನ್ನು ಆ ಗೋಡೆಯ ಮುಂದೆಯೇ ನಿಲ್ಲಿಸಿ ವಿವರಿಸಿದೆ. ಅವರು ಕಡಲೆಕಾಯಿ ತಿನ್ನುತ್ತಾ ಕೇಳಿದರು.

ಆದರೆ ಕಾಲೇಜು ತಂಡದ ಅಭಿಮಾನಿಗೆ ಬೇರೆ ಯಾವ ಅಭಿಮಾನಿಗೂ ಇಲ್ಲದ ಸಂಕಟವೊಂದಿದೆ. ಇಂಟರ್‌ಮೀಡಿಯೆಟ್ ಎಂದರೆ ಎರಡೇ ವರ್ಷ. ಮೊದಲ ವರ್ಷ ಹುಡುಗ ಆಟ ಕಲಿಯುತ್ತಾನೆ, ಎರಡನೆಯ ವರ್ಷ ಆಡುತ್ತಾನೆ, ಪಾಸಾಗಿ ಹೋಗುತ್ತಾನೆ. ಫೇಲಾದವನು ಮಾತ್ರ ಮತ್ತೆ ಸೇರಿಕೊಂಡು ತಂಡದಲ್ಲಿ ಉಳಿಯುತ್ತಾನೆ. ಆದ್ದರಿಂದ ನಮ್ಮ ತಂಡದ ಭವಿಷ್ಯ ಮೈದಾನದಲ್ಲಿ ಇರಲಿಲ್ಲ, ಪರೀಕ್ಷೆಯ ಹಾಲಿನಲ್ಲಿತ್ತು. ಆ ವರ್ಷದ ಲೆಕ್ಕಾಚಾರ ಬಹಳ ಚೆನ್ನಾಗಿತ್ತು. ಸೆಂಟರ್ ಫಾರ್ವರ್ಡ್ ಮೊದಲ ವರ್ಷದವನು, ಅವನ ಚಿಂತೆಯಿಲ್ಲ. ಫುಲ್‌ಬ್ಯಾಕುಗಳಿಬ್ಬರೂ ಪರೀಕ್ಷೆಯ ದಿನಗಳಲ್ಲೂ ಮೈದಾನದಲ್ಲೇ ಇದ್ದರು, ಅವರ ಮೇಲೆ ನನಗೆ ಪೂರ್ತಿ ನಂಬಿಕೆ. ಅನುಮಾನವಿದ್ದದ್ದು ಗೋಲ್‌ಕೀಪರ್ ರಂಗಪ್ಪನ ವಿಷಯದಲ್ಲಿ. ಅವನಿಗೆ ಓದುವ ಕೆಟ್ಟ ಚಟವಿತ್ತು.

ರಂಗಪ್ಪ ಹಳೇಬೀಡಿನ ಪಕ್ಕದ ಹಳ್ಳಿಯವನು. ರಾಗಿ ಹೊಲ, ಒಂದಿಷ್ಟು ತೆಂಗು ಇದ್ದ ಮನೆ. ಉದ್ದನೆಯ ಕೈಗಳು, ಕಡಿಮೆ ಮಾತು. ಗೋಲಿನಲ್ಲಿ ನಿಂತರೆ ಹೊಲದ ಕಾವಲಿಗೆ ನಿಂತವನ ಹಾಗೆ ನಿಶ್ಚಿಂತನಾಗಿರುತ್ತಿದ್ದ. ಚೆಂಡು ಬಂದಾಗ ಹಾರುತ್ತಿರಲಿಲ್ಲ, ಅದು ಬರುವ ಜಾಗದಲ್ಲಿ ಮೊದಲೇ ಇರುತ್ತಿದ್ದ. ಅವನು ಇನ್ನೊಂದು ವರ್ಷ ಉಳಿದರೆ ಬೀರುವಿನ ಆ ಅರೆ ತುಂಬುವುದು ಖಂಡಿತವೆಂದು ನನಗೆ ಅನ್ನಿಸಿತ್ತು.

ಹಾಗಾಗಿಯೇ ಬೇಲೂರಿಗೆ ಹೋದಾಗ ಚೆನ್ನಕೇಶವನ ಮೊರೆಹೊಕ್ಕೆ. ನನ್ನ ಸೋದರಮಾವ ಅಲ್ಲಿ ಅರ್ಚಕರು. “ಯಾರ ಹೆಸರಲ್ಲಿ ಮಾಡಲಪ್ಪ?” ಎಂದರು. ರಂಗಪ್ಪನ ಹೆಸರು ಹೇಳಿದೆ. “ಪರೀಕ್ಷೆ ಹುಡುಗನೇನು? ಪಾಸಾಗ್ತಾನೆ ಬಿಡು” ಎಂದವರೇ, ನಾನು ಬಾಯಿ ತೆರೆಯುವ ಮೊದಲೇ ಅವನ ತೇರ್ಗಡೆಗಾಗಿ ಗಟ್ಟಿಯಾಗಿ ಪ್ರಾರ್ಥಿಸಿಬಿಟ್ಟರು. ನಾನು ಮನಸ್ಸಿನಲ್ಲೇ ಅದಕ್ಕೆ ತಿದ್ದುಪಡಿ ಸಲ್ಲಿಸಿ, ತೀರ್ಥ ತೆಗೆದುಕೊಂಡು ಬಂದೆ.

ಆಗ ಫಲಿತಾಂಶ ಪತ್ರಿಕೆಯಲ್ಲಿ ಬರುತ್ತಿತ್ತು, ಪತ್ರಿಕೆ ಬೆಂಗಳೂರಿನಿಂದ ರೈಲಿನಲ್ಲಿ ಬರುತ್ತಿತ್ತು. ಆ ಬೆಳಿಗ್ಗೆ ಪ್ಲಾಟ್‌ಫಾರ್ಮಿನಲ್ಲಿ ಅರ್ಧ ಊರೇ ನೆರೆದಿತ್ತು. ಬರೀ ನಂಬರುಗಳ ಪುಟ. ಪಾಸಾದವರ ನಂಬರು ಇರುತ್ತದೆ, ಫೇಲಾದವರದು ಇರುವುದಿಲ್ಲ. ಎಲ್ಲರೂ ಇರುವ ನಂಬರನ್ನು ಹುಡುಕುತ್ತಿದ್ದರೆ ನಾನು ಇಲ್ಲದ ನಂಬರನ್ನು ಹುಡುಕುತ್ತಿದ್ದೆ. ಅಷ್ಟರಲ್ಲಿ ಪಕ್ಕದಲ್ಲಿ ಯಾರೋ ಕೆಮ್ಮಿದರು. ನೋಡಿದರೆ ರಂಗಪ್ಪನ ತಂದೆ ಈರೇಗೌಡರು. ಹೆಗಲ ಮೇಲೆ ಟವಲು, ಕೈಯಲ್ಲಿ ಬಟ್ಟೆಯ ಚೀಲ, ಮೊದಲ ಬಸ್ಸಿಗೇ ಬಂದಿದ್ದರು. ಕಾಲೇಜಿಗೆ ಮಗನನ್ನು ಸೇರಿಸಲು ಬಂದಾಗಿನಿಂದ ನನ್ನ ಪರಿಚಯ ಅವರಿಗಿತ್ತು.

“ನಂಗೆ ಓದಾಕ್ ಬರಾಕಿಲ್ಲ ಸ್ವಾಮಿ. ನಮ್ ರಂಗಂದು ಐತಾ ನೋಡಿ” ಎಂದು ನಂಬರು ಬರೆದಿದ್ದ ಚೀಟಿಯನ್ನು ಕೊಟ್ಟರು. ಚೀಟಿ ನನಗೆ ಬೇಕಿರಲಿಲ್ಲ. ಆ ನಂಬರು ತಿಂಗಳಿನಿಂದ ನನಗೆ ಬಾಯಿಪಾಠವಾಗಿತ್ತು.

ಬೆರಳಿಟ್ಟು ನೋಡಿದೆ. ಅದರ ಹಿಂದಿನ ನಂಬರು ಇತ್ತು. ಮುಂದಿನದೂ ಇತ್ತು. ನಡುವಿನದು ಇರಲಿಲ್ಲ. ಆ ಕ್ಷಣ ನನಗೆ ಪ್ಲಾಟ್‌ಫಾರ್ಮು ಕಾಣಲಿಲ್ಲ. ಗೋಲಿನಲ್ಲಿ ಉದ್ದ ಕೈಗಳ ರಂಗಪ್ಪ ಕಂಡ, ಹಾರ ಹಾಕಿಕೊಂಡ ಕಪ್ಪು ಕಂಡಿತು. ಎಷ್ಟು ಹೊತ್ತು ಹಾಗಿದ್ದೆನೋ ತಿಳಿಯದು. ಎಚ್ಚರವಾದಾಗ ನನ್ನ ಕೈಯಲ್ಲಿ ಒಂದು ಬೆಲ್ಲದ ಚೂರಿತ್ತು. ಈರೇಗೌಡರು ನನ್ನ ಮುಖವನ್ನೇ ನೋಡುತ್ತಿದ್ದವರು, ಅಲ್ಲಿ ಅರಳಿದ ಸಂತೋಷವನ್ನು ಕಂಡು ಮಗ ಪಾಸಾದನೆಂದುಕೊಂಡು, ಚೀಲ ಬಿಚ್ಚಿ ಸುತ್ತಲಿನವರಿಗೆಲ್ಲ ಬೆಲ್ಲ ಹಂಚುತ್ತಿದ್ದರು. “ನಮ್ ರಂಗ ಪಾಸಾದ. ಇನ್ನು ಸರ್ವೆ ಕೆಲ್ಸಕ್ಕೆ ಅರ್ಜಿ ಹಾಕ್ಬೋದು. ತಗಳಿ, ಬಾಯಿ ಸಿಹಿ ಮಾಡ್ಕಳಿ” ಎನ್ನುತ್ತಿದ್ದರು. ಕೂಲಿಯವನೊಬ್ಬ ಆಗಲೇ ತಿಂದು ಕೈ ಒರೆಸಿಕೊಳ್ಳುತ್ತಿದ್ದ.

“ಗೌಡರೇ, ನಂಬರು ಇಲ್ಲ” ಎಂದೆ.

ಅವರಿಗೆ ಕೂಡಲೇ ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳಿದೆ. ಅವರು ಚೀಲದ ಬಾಯಿಯನ್ನು ಮೆಲ್ಲಗೆ ಕಟ್ಟಿದರು. ಆಮೇಲೆ ಕೋಪವೇನೂ ಇಲ್ಲದೆ, ನಿಜವಾಗಿಯೂ ತಿಳಿದುಕೊಳ್ಳುವುದಕ್ಕೆ ಕೇಳಿದರು: “ಮತ್ತೆ ನೀವ್ಯಾಕೆ ಸ್ವಾಮಿ ನಗ್ತಿದ್ರಿ?”

ಅಷ್ಟು ನಾಚಿಕೆ ನನಗೆ ಅದಕ್ಕೆ ಮುಂಚೆಯೂ ಆಗಿಲ್ಲ, ಆಮೇಲೂ ಆಗಿಲ್ಲ. ಬೆಲ್ಲದ ಚೂರನ್ನು ತಿನ್ನಲೂ ಆಗದೆ, ಎಸೆಯಲೂ ಆಗದೆ, ಮುಷ್ಟಿಯಲ್ಲಿ ಹಿಡಿದು ಮನೆಗೆ ಬಂದೆ.

ಮನೆಯಲ್ಲಿ ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಸಾಮಾನ್ಯವಾಗಿ ನನ್ನ ಫುಟ್‌ಬಾಲ್ ಕಥೆಗಳನ್ನು ಅವಳು ಬೇಳೆ ಆರಿಸುತ್ತಾ ಅರ್ಧ ಕಿವಿಯಲ್ಲಿ ಕೇಳುವವಳು. ಅವತ್ತು ಮೊರವನ್ನು ಪಕ್ಕಕ್ಕಿಟ್ಟು ಕೇಳಿದಳು. “ಯಾವುದರಲ್ಲಿ ಹೋಗಿರತ್ತೇರಿ?” ಎಂದಳು. ಇಂಗ್ಲಿಷಿನಲ್ಲೇ ಇರಬೇಕು ಎಂದೆ. “ದಿನಾ ಇಂಗ್ಲಿಷೇ ಟೈಪ್ ಮಾಡ್ತೀರಲ್ಲ. ನಾಳೆಯಿಂದ ಆ ಹುಡುಗನ್ನ ಮನೆಗೆ ಬರಹೇಳಿ. ಸೆಪ್ಟೆಂಬರಿಗೆ ಪಾಸ್ ಮಾಡಿಸಿ” ಎಂದು ಮೊರವನ್ನು ಮತ್ತೆ ಎತ್ತಿಕೊಂಡಳು.

ಸೆಪ್ಟೆಂಬರಿನ ಪರೀಕ್ಷೆಯಲ್ಲಿ ಪಾಸಾದರೆ ಕಾಲೇಜಿನ ಪಟ್ಟಿಯಿಂದ ಹೆಸರು ಹೋಗುತ್ತದೆ, ಡಿಸೆಂಬರಿನ ಪಂದ್ಯಕ್ಕೆ ಅವನಿಲ್ಲ. ಇದು ಅವಳಿಗೆ ಗೊತ್ತಿಲ್ಲದೆ ಇರಲಿಲ್ಲ. ಹೀಗೆ ನಾನು ನಮ್ಮ ಗೋಲ್‌ಕೀಪರನ್ನು ಕಳೆದುಕೊಳ್ಳುವ ಕೆಲಸವನ್ನು ದಿನಾ ಸಂಜೆ ಒಂದು ಗಂಟೆ ಕಾಲ ಶ್ರದ್ಧೆಯಿಂದ ಮಾಡತೊಡಗಿದೆ. ಮೈದಾನದ ಗೆಳೆಯರಾದ ಪೋಸ್ಟ್‌ಮಾಸ್ಟರು ವಿಷಯ ತಿಳಿದು, “ಸ್ವಂತ ತಂಡಕ್ಕೇ ದ್ರೋಹ ಬಗೀತಿದ್ದೀರಿ ಕಣ್ರೀ” ಎಂದು ಒಂದು ವಾರ ಮಾತು ಬಿಟ್ಟರು. ಸುಳ್ಳೇಕೆ ಹೇಳಲಿ, ನಡುನಡುವೆ ನನ್ನ ಮನಸ್ಸೂ ಸಡಿಲವಾಗುತ್ತಿತ್ತು. ಈ ವ್ಯಾಕರಣದ ಭಾಗವನ್ನು ಬಿಟ್ಟರೇನು, ಇವತ್ತು ತಲೆನೋವೆಂದು ಕಳಿಸಿದರೇನು ಎನ್ನಿಸುತ್ತಿತ್ತು. ಆಗೆಲ್ಲ ಒಳಗಿನಿಂದ ಮೊರದ ಸದ್ದು ಜೋರಾಗುತ್ತಿತ್ತು, ನಾನು ಪುಟ ತಿರುವುತ್ತಿದ್ದೆ.

ಪ್ರಬಂಧ ರಂಗಪ್ಪನಿಗೆ ಕಷ್ಟ. ಫುಟ್‌ಬಾಲ್ ಪಂದ್ಯದ ಬಗ್ಗೆ ಬರೆಯಪ್ಪ, ಅದು ಪರೀಕ್ಷೆಯಲ್ಲಿ ಕೇಳುವಂಥದ್ದು, ನಿನಗೆ ಗೊತ್ತಿರುವಂಥದ್ದು ಎಂದೆ. ಅರ್ಧ ಗಂಟೆಯಾದ ಮೇಲೂ ಕಾಗದದ ಮೇಲೆ ಎರಡೇ ಸಾಲು.

“ನಾನು ಆಟ ನೋಡಿಲ್ಲ ಸಾರ್” ಎಂದ. “ನಂಗೆ ಕಾಣೋದು ನಮ್ಮವರ ಬೆನ್ನು. ಚೆಂಡು ಹತ್ರ ಬಂದ್ರೆ ಚೆಂಡು. ಅಷ್ಟೇಯ.”

ಸರಿ, ನಾನೇ ಬರೆಸಿದೆ. ಬರೆಸುತ್ತಾ ಕಿಟಕಿಯ ಪಕ್ಕದ ಆ ಎಲ್ಲ ಮಧ್ಯಾಹ್ನಗಳೂ ನನ್ನ ನಾಲಿಗೆಯ ಮೇಲೆ ಬಂದವು. ಅಂತಿಮ ಪಂದ್ಯ, ತುಂಬಿದ ಮೈದಾನ, ಇಳಿಬಿಸಿಲು. ರೈಟ್ ಔಟ್ ಆಡುವವನು ಗೆರೆಯ ಅಂಚಿನಲ್ಲೇ ಓಡಿದ. ಸೆಂಟರ್ ಫಾರ್ವರ್ಡ್ ಚೆಂಡಿಗೆ ತಲೆ ಕೊಟ್ಟ. ನಮ್ಮ ಗೋಲ್‌ಕೀಪರು ಒಂದು ಚೆಂಡನ್ನೂ ಬಿಡಲಿಲ್ಲ. ಮೂರು–ಸೊನ್ನೆಯಲ್ಲಿ ಗೆದ್ದೆವು. ಹೆಂಡತಿ ಬಾಗಿಲಲ್ಲಿ ಬಂದು ನಿಂತು ಕೇಳಿದಳು. ಇಂಗ್ಲಿಷ್ ಅವಳಿಗೆ ಬಾರದು, ಆದರೂ ಕೊನೆಯವರೆಗೆ ನಿಂತಿದ್ದಳು. ರಂಗಪ್ಪ ಎಲ್ಲವನ್ನೂ ಬರೆದುಕೊಂಡು, ಒಂದು ವಾರದಲ್ಲಿ ಬಾಯಿಪಾಠ ಮಾಡಿ ಒಪ್ಪಿಸಿದ.

ಸೆಪ್ಟೆಂಬರಿನಲ್ಲಿ ಅದೇ ಪ್ರಶ್ನೆ ಬಂತು. ಅವನು ಪಾಸಾದ. ಪಟ್ಟಿಯಲ್ಲಿ ಅವನ ಹೆಸರಿನ ಮೇಲೆ ಕೆಂಪು ಗೆರೆ ಎಳೆಯುವುದು ಆಫೀಸಿನ ಕೆಲಸ, ಎಂದರೆ ನನ್ನದೇ. ಎಳೆದೆ. ಸಂತೋಷವಾಯಿತು, ಬೀರುವಿನ ಖಾಲಿ ಅರೆ ಕಂಡು ಸಂಕಟವೂ ಆಯಿತು. ಎರಡರಲ್ಲಿ ಯಾವುದು ಹೆಚ್ಚೆಂದು ತೂಗಿ ನೋಡುವ ಧೈರ್ಯ ನನಗಾಗಲಿಲ್ಲ.

ಡಿಸೆಂಬರಿನ ಮೊದಲ ಪಂದ್ಯ ನಮ್ಮ ಮೈದಾನದಲ್ಲೇ ನಡೆಯಿತು. ಹೊಸ ಗೋಲ್‌ಕೀಪರು ಒಳ್ಳೆಯ ಹುಡುಗ, ಚೆಂಡು ದಾಟಿ ಹೋದಮೇಲೆ ಬಹಳ ಚೆನ್ನಾಗಿ ಹಾರುತ್ತಿದ್ದ. ಮೂರು ಗೋಲು ಆಗಿತ್ತು. ಅಷ್ಟರಲ್ಲಿ ಯಾರೋ ಬಂದು ನನ್ನ ಪಕ್ಕ ನಿಂತರು. ರಂಗಪ್ಪ. ಇಸ್ತ್ರಿ ಮಾಡಿದ ಶರಟು, ಜೇಬಿನಲ್ಲಿ ಸರ್ವೆ ಕೆಲಸದ ಆರ್ಡರು. ಮಾರನೆಯ ದಿನ ಊರು ಬಿಡುವವನು, ಹೇಳಿ ಹೋಗಲು ಬಂದಿದ್ದ. ಆ ಕಾಗದವನ್ನು ನನ್ನ ಕೈಗೆ ಕೊಟ್ಟ. ಎರಡು ಸಲ ಓದಿ ಮಡಿಸಿ ಕೊಟ್ಟೆ.

“ಪ್ರಬಂಧ ನಾನು ಬರೆಸಿದ ಹಾಗೇ ಬರೆದೆಯೇನಪ್ಪ?” ಎಂದೆ, ಬೇರೇನೂ ತೋಚದೆ.

“ಬರೆದೆ ಸಾರ್. ಒಂದು ಕಡೆ ಮಾತ್ರ ಬದಲಾಯಿಸ್ದೆ. ಮೂರು–ಸೊನ್ನೆ ಇದ್ದಿದ್ದನ್ನ ಮೂರು–ಒಂದು ಮಾಡ್ದೆ.”

“ಯಾಕೆ?”

“ಒಂದೂ ಬಿಡಲಿಲ್ಲ ಅಂದ್ರೆ ಯಾರು ನಂಬ್ತಾರೆ ಸಾರ್. ಎಡಗಡೆಯಿಂದ ಬಂತು ಅಂತ ಬರೆದೆ. ನಾನು ಮುಂದೆ ಬಂದುಬಿಟ್ಟಿದ್ದೆ, ತಲೆ ಮೇಲಿಂದ ಹೋಯ್ತು. ನಂದೇ ತಪ್ಪು.”

ಮೈದಾನದಲ್ಲಿ ಆಗ ನಾಲ್ಕನೆಯ ಗೋಲಾಯಿತಂತೆ. ನಾನು ನೋಡಲಿಲ್ಲ. “ಅದು ಹೇಗೆ ನಿನ್ನ ತಪ್ಪಾಗತ್ತೆ? ಎಡಗಡೆಯಿಂದ ಬಂದರೆ ಬ್ಯಾಕ್ ಎಲ್ಲಿ ಹೋಗಿದ್ದ?” ಎಂದೆ. ಬ್ಯಾಕ್ ಜಾಗದಲ್ಲೇ ಇದ್ದ ಎಂದ. ಇರಲಿಲ್ಲ ಎಂದೆ. ಅವನು ತಾನು ಬರೆದದ್ದಕ್ಕೆ ಅಂಟಿಕೊಂಡ, ನಾನು ಬರೆಸಿದ್ದಕ್ಕೆ. ಪಂದ್ಯ ಮುಗಿದದ್ದು ತಿಳಿಯಲಿಲ್ಲ. ವಾದ ಮಾಡುತ್ತಲೇ ಬಸ್ ಸ್ಟ್ಯಾಂಡಿನವರೆಗೆ ನಡೆದೆವು, ಹಳೇಬೀಡಿನ ಬಸ್ಸು ಹತ್ತಿದವನ ಕಿಟಕಿಯ ಕೆಳಗೆ ನಿಂತೂ ನಾನು ಬಿಡಲಿಲ್ಲ. ಅವನು ನಗುತ್ತಾ, “ಒಪ್ಕೊಳ್ಳಿ ಸಾರ್, ಬಿಟ್ಟೆ ಒಂದು ಗೋಲು” ಎಂದ. ಬಸ್ಸು ಹೊರಟಿತು. ನಾನು ಒಪ್ಪಲಿಲ್ಲ, ಇವತ್ತಿಗೂ ಒಪ್ಪಿಲ್ಲ. ನಮ್ಮ ಗೋಲ್‌ಕೀಪರನ ಬಗ್ಗೆ ಹಾಗೆ ಹಗುರವಾಗಿ ಮಾತಾಡುವುದನ್ನು ನಾನು ಯಾರಿಂದಲೂ ಸಹಿಸುವವನಲ್ಲ, ಅವನಿಂದಲೂ.