ಮಾರಿದ್ದಲ್ಲ, ಉಳಿದದ್ದು

"ಈಕಿ ಮಗ್ಗ ನಡಸ್ತಾಳಂತ! ಆರು ತಿಂಗಳದಾಗ ಬಾಗಲಾ ಹಾಕ್ತಾಳ ನೋಡ್ರಿ" ಎಂದು ಗಜೇಂದ್ರಗಡದ ನಮ್ಮ ಓಣಿಯಲ್ಲಿ ನಕ್ಕವರು ನನ್ನ ಭಾವ. ಗಂಡ ತೀರಿಕೊಂಡ ವರ್ಷದ ಮಾತದು. ಮುಂದೆ ಮಗಳಿಗೆ ನರ್ಸಿಂಗ್ ಸೀಟು ಸಿಕ್ಕಿತು. ವಿದ್ಯಾರ್ಥಿವೇತನಕ್ಕೆ ಆದಾಯ ಪ್ರಮಾಣಪತ್ರ ಬೇಕೆಂದು ಅವಳನ್ನು ಕರೆದುಕೊಂಡು ತಹಶೀಲ್ದಾರ್ ಕಚೇರಿಗೆ ಹೋದರೆ, ಸರತಿಯಲ್ಲಿ ನನ್ನ ಹಿಂದೆಯೇ ಭಾವ ನಿಂತಿದ್ದರು.

"ವರ್ಷಕ್ಕ ಎಷ್ಟ ದುಡೀತೀರಿ ಅಕ್ಕಾರ?" ಎಂದು ಗುಮಾಸ್ತರು ಕೇಳಿದರು.

"ನಾಕ್ ಲಕ್ಷ" ಎಂದೆ, ಹಿಂದಿನವರಿಗೂ ಕೇಳುವಂತೆ.

"ಅದು ಸೀರಿ ಮಾರಿದ್ದಲ್ಲೇನ್ರಿ? ನೂಲು, ಬಣ್ಣ, ಕೂಲಿ ಕಳದು ಉಳದದ್ದು ಹೇಳ್ರಿ."

ಉಳಿದದ್ದು ಒಂದು ಲಕ್ಷವೂ ಇರಲಿಲ್ಲ. ಹಿಂದೆ ಭಾವ ಕೆಮ್ಮಿದರು.

"ನಾಕ್ ಲಕ್ಷನ ಬರೀರಿ."

"ಯವ್ವಾ" ಎಂದು ಮಗಳು ಸೆರಗು ಜಗ್ಗಿದಳು. ನಾನು ತಿರುಗಿ ನೋಡಲಿಲ್ಲ. ಅವಳ ಪುಸ್ತಕ ನೋಡಿಯೇ ಓದಲು ಕಲಿತ ನಾನು, ವಾರದ ನಂತರ ಕೈಗೆ ಬಂದ ಆ ಪತ್ರವನ್ನು ದಾರಿಯುದ್ದಕ್ಕೂ ಗಟ್ಟಿಯಾಗಿ ಓದಿದೆ.

ಆದಾಯ ಮಿತಿ ಮೀರಿದೆಯೆಂದು ಅರ್ಜಿ ತಿರಸ್ಕೃತವಾಯಿತು. ತಿದ್ದಿಸಲು ಮತ್ತೆ ಆ ಸರತಿಯಲ್ಲಿ ನಿಲ್ಲುವುದಕ್ಕೆ ನನ್ನ ಹಟ ಬಿಡಲಿಲ್ಲ. ಫೀ ಕಟ್ಟಲಾಗದೆ ಸೀಟು ಹೋಯಿತು. ಮಗಳೀಗ ಬಸ್ ನಿಲ್ದಾಣದ ಎದುರಿನ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ.

ಇಂದು ನನ್ನ ಬಳಿ ನಾಲ್ಕು ಮಗ್ಗ, ಒಂದು ಮನೆ, ನಾಲ್ಕು ಲಕ್ಷ ಆದಾಯದವಳೆಂದು ಮುದ್ರೆ ಒತ್ತಿದ ಒಂದು ಕಾಗದ ಇವೆ. ಕಾಗದಕ್ಕೆ ನಾನು ಕೊಟ್ಟದ್ದು ನಲವತ್ತು ರೂಪಾಯಿ. ಉಳಿದದ್ದನ್ನು ಮಗಳು ಕೊಟ್ಟಳು.