ಬಾಯಮ್ಮ ಓದಿದ ಕರಾರು

ಮೊನ್ನೆ ಮೇಲಿನ ಮಹಡಿಯವರ ಮಗಳು ದುಬೈಯಿಂದ ಬಂದವಳು, ನನ್ನ ಮಂಡಿನೋವಿಗೆಂದು ಒಂದು ಪುಟ್ಟ ಬಾಮಿನ ಡಬ್ಬಿ ಕೊಟ್ಟಳು. ಮುಚ್ಚಳ ತಿರುಗಿಸಿದ್ದೇ ತಡ, ಕರ್ಪೂರದಂಥ ಆ ಕಟು ವಾಸನೆಗೆ ಉಡುಪಿಯ ನೋಂದಣಿ ಕಚೇರಿಯ ಎದುರಿದ್ದ ಕಿರಿದಾದ ಕೋಣೆಯೊಂದು ಕಣ್ಣ ಮುಂದೆ ಬಂತು. ಅಲ್ಲಿ ಪತ್ರಗಳನ್ನು ಟೈಪ್ ಮಾಡುತ್ತಿದ್ದ ಬಾಯಮ್ಮ ಬೆರಳ ಗಂಟುಗಳಿಗೆ ಇದೇ ಬಾಮು ತಿಕ್ಕಿಕೊಳ್ಳುತ್ತಿದ್ದರು. ಅವರು ಕೊಡುತ್ತಿದ್ದ ಕಾಗದಗಳಿಗೂ ಇದೇ ವಾಸನೆ...

ಕಲ್ಯಾಣಪುರದವರು. ಮನೆಮಾತು ಕೊಂಕಣಿ, ಗಿರಾಕಿಗಳೊಡನೆ ಅಚ್ಚುಕಟ್ಟಾದ ಕನ್ನಡ. ಹಿರಿಯಡ್ಕದ ಶಾಲೆಯಲ್ಲಿ ನಾನು ಟೀಚರಾಗಿದ್ದಾಗ ಶಾಲೆಯ ಅರ್ಜಿಗಳನ್ನು ಅವರಿಂದಲೇ ಟೈಪ್ ಮಾಡಿಸುತ್ತಿದ್ದೆ. ಪರಿಚಯ ಅಷ್ಟೇ. ಒಂದು ಲೋಟ ಚಹಾದಿಂದಾಚೆ ಅದು ಬೆಳೆದಿರಲಿಲ್ಲ.

ಎಂಟು ವರ್ಷದ ಹಿಂದೆ ನನ್ನ ಗಂಡನಿಗೆ ಪಾರ್ಶ್ವವಾಯು ಬಡಿಯಿತು. ನಮ್ಮ ಮನೆ ಇದ್ದದ್ದು ರಸ್ತೆಯಿಂದ ಇಪ್ಪತ್ತೆರಡು ಮೆಟ್ಟಿಲು ಮೇಲೆ. ವಾರಕ್ಕೆ ಮೂರು ಸಲ ಮಣಿಪಾಲದ ಆಸ್ಪತ್ರೆಗೆ ವ್ಯಾಯಾಮಕ್ಕೆ ಕರೆದೊಯ್ಯಬೇಕು; ಪ್ರತಿ ಸಲವೂ ಇಬ್ಬರು ಅವರನ್ನು ಕುರ್ಚಿಯಲ್ಲಿ ಕೂರಿಸಿ ಇಳಿಸಬೇಕು. ಒಂದು ದಿನ ಅರ್ಧ ಮೆಟ್ಟಿಲಲ್ಲಿ ಕುರ್ಚಿ ವಾಲಿತು. ಬೀಳಲಿಲ್ಲ. ಆದರೆ ಅವರು ಕಣ್ಣು ಮುಚ್ಚಿಕೊಂಡದ್ದನ್ನು ನೋಡಿದೆ. ಮನೆ ಮಾರಿ ಆಸ್ಪತ್ರೆಯ ಹತ್ತಿರ ನೆಲಮಹಡಿಯ ಫ್ಲ್ಯಾಟ್ ನೋಡುವುದೆಂದು ಅಂದೇ ತೀರ್ಮಾನಿಸಿದೆ.

ಸುದ್ದಿ ಹೇಗೆ ಹೋಯಿತೋ, ಕಾಪುವಿನ ಕಡೆಯ ಒಬ್ಬರು ನಾಲ್ಕೇ ದಿನದಲ್ಲಿ ಬಂದರು. ಮಾತು ಮೆತ್ತಗೆ, ನಡತೆ ಮರ್ಯಾದೆಯದು. ಜಗಲಿಯಲ್ಲಿ ಕೂತು ನೀರು ಕುಡಿದರು.

"ಮನೆ ಹೇಗುಂಟೋ ಹಾಗೆಯೇ ತೆಗೊಳ್ತೇನೆ ಟೀಚರ್. ರಿಪೇರಿ ಬೇಡ, ಪೈಂಟ್ ಬೇಡ, ಬ್ರೋಕರ್ ಬೇಡ. ಸೋಮವಾರ ಅಗ್ರಿಮೆಂಟಿಗೆ ಸೈನ್ ಹಾಕಿದರೆ ನಿಮ್ಮ ತಲೆಬಿಸಿ ಮುಗಿಯಿತು."

ಅವರು ಹೇಳಿದ ಬೆಲೆ ಕಡಿಮೆಯೆಂದು ಅನ್ನಿಸಿತ್ತು. ಆದರೆ ನನಗೆ ಬೇಕಾಗಿದ್ದದ್ದು ಆ ಕೊನೆಯ ಎರಡು ಪದಗಳೇ.

ಅವರು ಕೊಟ್ಟುಹೋದ ಕರಾರಿನ ಕರಡನ್ನು ಬಾಯಮ್ಮನ ಬಳಿ ಒಯ್ದದ್ದು ಸಲಹೆ ಕೇಳಲಿಕ್ಕಲ್ಲ, ಜೆರಾಕ್ಸ್ ಮಾಡಿಸಲಿಕ್ಕೆ. ಅವರು ಜೆರಾಕ್ಸ್ ಮಾಡಲಿಲ್ಲ. ಕನ್ನಡಕ ಏರಿಸಿ ಓದತೊಡಗಿದರು. ಹೊರಗೆ ಇಬ್ಬರು ಗಿರಾಕಿಗಳು ಕಾಯುತ್ತಿದ್ದರೂ ಕೊನೆಯ ಪುಟದವರೆಗೆ ತಲೆ ಎತ್ತಲಿಲ್ಲ.

"ಇವರು ನಿಮ್ಮ ಅಡುಗೆಮನೆ ನೋಡಿದ್ದಾರಾ ಟೀಚರ್?"

"ಇಲ್ಲ. ಜಗಲಿಯಿಂದಲೇ ಹೋದರು."

"ಬಾವಿಯಲ್ಲಿ ಬೇಸಿಗೆಗೆ ನೀರು ಇರ್ತದಾ ಅಂತ ಕೇಳಿದ್ದಾರಾ?"

ಅದೂ ಇಲ್ಲ.

"ಹಾಗಾದರೆ ಇವರಿಗೆ ಬೇಕಾದದ್ದು ನಿಮ್ಮ ಮನೆ ಅಲ್ಲ. ಈ ಕಾಗದ."

ಮತ್ತೆ ಒಂದೊಂದೇ ಸಾಲಿಗೆ ಪೆನ್ಸಿಲ್ ಇಟ್ಟು ಬಿಡಿಸಿ ಹೇಳಿದರು. ಕ್ರಯಪತ್ರ ಕಾಪುವಿನವರ ಹೆಸರಿಗೆ 'ಅಥವಾ ಅವರು ಸೂಚಿಸುವವರ ಹೆಸರಿಗೆ' ಎಂದಿತ್ತು. ಅಂದರೆ ಈ ಕರಾರನ್ನು ಹಿಡಿದುಕೊಂಡು ಹೆಚ್ಚು ಬೆಲೆಗೆ ಬೇರೆಯವರನ್ನು ಹುಡುಕುತ್ತಾರೆ, ನಡುವಿನ ಲಾಭ ಅವರದ್ದು. ಅವಧಿ ಹನ್ನೊಂದು ತಿಂಗಳು. ಅಷ್ಟು ದಿನ ನಾನು ಇನ್ನೊಬ್ಬರಿಗೆ ಮಾರುವಂತಿಲ್ಲ. ಆದರೆ ಜನ ಸಿಗದಿದ್ದರೆ ಅವರು ಮುಂಗಡ ವಾಪಸು ಪಡೆದು ಹೊರಟುಹೋಗಬಹುದು. ಕೊನೆಯ ಪುಟದಲ್ಲಿ, ನನ್ನ ಪರವಾಗಿ ಅವರೇ ಸಹಿ ಹಾಕುವಂತೆ ಪವರ್ ಆಫ್ ಅಟಾರ್ನಿ ಕೊಡುತ್ತೇನೆಂಬ ಮಾತು ಸಣ್ಣಗೆ ಸೇರಿತ್ತು.

"ಮೋಸವಾ ಬಾಯಮ್ಮ?"

"ಮೋಸ ಅಂತ ನಾನು ಹೇಳುವುದಿಲ್ಲ. ಅವರ ವ್ಯಾಪಾರವೇ ಅದು. ತುಂಬಾ ಅರ್ಜೆಂಟ್ ಇದ್ದವರಿಗೆ ಕೆಲವು ಸಲ ಉಪಕಾರವೂ ಆಗ್ತದೆ. ಆದರೆ ಎಂತಕ್ಕೆ ಸೈನ್ ಹಾಕ್ತಿದ್ದೇವೆ ಅಂತ ನಮಗೆ ಗೊತ್ತಿರಬೇಕು, ಅಲ್ವಾ?"

ಬೆರಳಿಗೆ ಬಾಮು ಹಚ್ಚುತ್ತಾ, ಕೆಮ್ಮಣ್ಣು ಊರಿನಲ್ಲಿದ್ದ ತಮ್ಮನ ವಿಷಯ ತೆಗೆದರು. ಅವನ ಮನೆಗೂ ಇಂಥದೇ ಕರಾರು. ಟೈಪ್ ಮಾಡಿದ್ದು ಇವರೇ. "ಬೆರಳು ಓಡಿತು, ತಲೆ ಓದಲಿಲ್ಲ," ಎಂದರು. ಮಗಳ ಮದುವೆಯ ಹೊತ್ತಿಗೆ ತಮ್ಮನಿಗೆ ಮನೆಯೂ ತನ್ನದಲ್ಲ, ದುಡ್ಡೂ ಕೈಯಲ್ಲಿಲ್ಲ ಎಂಬಂತಾಯಿತು. ಆಮೇಲೆ ಅವನು ಅಕ್ಕನ ಮನೆಗೆ ಬರುವುದನ್ನೇ ಬಿಟ್ಟ. "ಆಮೇಲೆ ನಾನು ಓದದೆ ಯಾರದ್ದೂ ಟೈಪ್ ಮಾಡಿಲ್ಲ."

ಅಲ್ಲೇ ಹೊಸ ಕರಾರು ಟೈಪ್ ಮಾಡಿಕೊಟ್ಟರು. ಕೊಳ್ಳುವವರ ಹೆಸರು ಒಂದೇ. ಅವಧಿ ನಲವತ್ತೈದು ದಿನ. ಅವರಾಗಿ ಹಿಂದೆ ಸರಿದರೆ ಮುಂಗಡ ನಮಗೆ. ಪವರ್ ಆಫ್ ಅಟಾರ್ನಿ ಇಲ್ಲ. "ಇದನ್ನು ಒಬ್ಬ ವಕೀಲರಿಗೆ ತೋರಿಸಿ. ನಾನು ಟೈಪಿಸ್ಟ್ ಅಷ್ಟೇ. ಮತ್ತೆ ನಿಮ್ಮ ಆಚೀಚೆ ಯಾವ ಜಾಗ ಎಷ್ಟಕ್ಕೆ ಹೋಯಿತು ಅಂತ ಮೂರು ಜನರ ಹತ್ತಿರ ಕೇಳಿ."

ಸೋಮವಾರ ಕಾಪುವಿನವರು ಹೊಸ ಕಾಗದವನ್ನು ಎರಡು ಸಲ ಓದಿದರು. ಸಿಟ್ಟು ಮಾಡಲಿಲ್ಲ. "ಮುಂದಿನ ಪಾರ್ಟಿ ಹುಡುಕಲಿಕ್ಕೆ ನನಗೆ ಟೈಮ್ ಬೇಕಲ್ಲ ಟೀಚರ್," ಎಂದು ಮೆಟ್ಟಿಲಿಳಿದು ಹೋದರು.

ಆಮೇಲಿನ ದಿನಗಳಲ್ಲಿ ತಲೆಯಲ್ಲಿ ಒಂದೇ ಮಾತು: ಬಂದವರನ್ನು ಕಳಿಸಿಬಿಟ್ಟೆನಲ್ಲಾ... ಗಂಡನನ್ನು ಕುರ್ಚಿಯಲ್ಲಿ ಇಳಿಸುವಾಗಲೆಲ್ಲ ಬಾಯಮ್ಮನ ಮೇಲೆ ಸಣ್ಣ ಅಸಮಾಧಾನವೂ ಆಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಗಂಡನೇ ಒಂದು ದಿನ ತಡವರಿಸುತ್ತಾ, "ನಾನು ಕಾಯ್ತೇನೆ, ನೀನು ಹೆದರಬೇಡ," ಎಂದರು.

ಹನ್ನೆರಡನೆಯ ದಿನ ಅದೇ ಮನುಷ್ಯ ಮತ್ತೆ ಬಂದರು. ಜೊತೆಗೆ ಕಾರ್ಕಳದಲ್ಲಿ ಬೇಕರಿ ಇಟ್ಟಿದ್ದ ಗಂಡ ಹೆಂಡತಿ. "ಇವರೇ ತೆಗೊಳ್ಳುವವರು. ನೀವೂ ಅವರೂ ಎದುರೆದುರು ಮಾತಾಡಿ. ನನಗೆ ಕಮಿಷನ್ ಕೊಟ್ಟರೆ ಸಾಕು." ಆ ಹೆಂಗಸು ನೇರ ಅಡುಗೆಮನೆಗೆ ನಡೆದು, ಒಲೆಯ ಕಟ್ಟೆ ಎತ್ತರವಾಯಿತು ಎಂದಳು. ನನಗೆ ನಗು ಬಂತು, ಕಣ್ಣೂ ತುಂಬಿತು. ಬೆಲೆ ಮೊದಲಿನದಕ್ಕಿಂತ ಎಷ್ಟೋ ಮೇಲೆ ಕುದುರಿತು, ನಲವತ್ತು ದಿನಗಳೊಳಗೆ ನೋಂದಣಿಯೂ ಮುಗಿಯಿತು. ಅಂದು ಕಚೇರಿಯ ಹೊರಗಿನ ಕಲ್ಲಿನ ಮೇಲೆ ಕೂತು ಉಸಿರು ಬಿಟ್ಟೆನಲ್ಲ, ಅಂಥ ಉಸಿರನ್ನು ತಿಂಗಳುಗಟ್ಟಲೆ ಬಿಟ್ಟಿರಲಿಲ್ಲ. ಬಾಯಮ್ಮ ಕೋಣೆಯಿಂದಲೇ ಕೈಯೆತ್ತಿ, ಮತ್ತೆ ಟೈಪಿಗೆ ತಿರುಗಿದರು.

ಈಗ ನನ್ನ ಗಂಡ ಕೋಲು ಹಿಡಿದು ತಾವೇ ಹೋಗಿ ಪೇಪರು ತರುತ್ತಾರೆ. ಈ ನೆಲಮಹಡಿಯ ಫ್ಲ್ಯಾಟಿಗೆ ಒಂದೂ ಮೆಟ್ಟಿಲಿಲ್ಲ.

ಕಳೆದ ವಾರ ನಮ್ಮ ಕಟ್ಟಡದ ನರ್ಸ್ ಒಬ್ಬಳು ತಾಯಿಯ ಮನೆ ಮಾರುವ ಕಾಗದ ತಂದು ತೋರಿಸಿದಳು. ಓದಿದೆ. ಮೂರನೆಯ ಪುಟದ ಒಂದು ಸಾಲು ನನಗೆ ಬಗೆಹರಿಯಲಿಲ್ಲ. "ಇರು, ಒಬ್ಬರ ಹತ್ತಿರ ಕೇಳ್ತೇನೆ," ಎಂದು ಫೋನ್ ತೆಗೆದು ಬಾಯಮ್ಮನ ನಂಬರಿನವರೆಗೆ ಹೋದೆ. ಅವರು ತೀರಿಕೊಂಡು ಒಂದು ವರ್ಷವಾಯಿತೆಂಬುದು ಆಗ ನೆನಪಾಯಿತು. ಗಂಡ ನಡೆಯುತ್ತಿದ್ದಾರೆಂದು ಅವರಿಗೆ ಹೇಳಬೇಕೆಂದುಕೊಂಡೇ ಇದ್ದೆ, ಹೇಳಲಿಲ್ಲ.

ಫೋನ್ ಕೆಳಗಿಟ್ಟೆ. "ಸೈನ್ ಹಾಕಬೇಡ," ಎಂದೆ ಆ ಹುಡುಗಿಗೆ. "ನಾಳೆ ಇಬ್ಬರೂ ವಕೀಲರ ಹತ್ತಿರ ಹೋಗುವ."