ಅಲಗು ಬಿಟ್ಟು ಉಳಿದಿದ್ದು

ನಾನು ಸೊರಬದ ಬಸ್ಸು ಹತ್ತಿದ ಹಿಂದಿನ ದಿನ ಸಂಜೆ ಮೈಕು ಕಟ್ಟಿಕೊಂಡ ಆಟೋವೊಂದು ಶಿಕಾರಿಪುರದ ನಮ್ಮ ಓಣಿಯಲ್ಲಿ ಹಾದುಹೋಗಿತ್ತು. ಪಕ್ಕದ ಜಿಲ್ಲೆಯ ಯಾವುದೋ ಊರಲ್ಲಿ ಮೆರವಣಿಗೆಯ ಮೇಲೆ ಕಲ್ಲು ಬಿದ್ದು ಗಲಾಟೆಯಾಗಿದೆ, ಮುನ್ನೆಚ್ಚರಿಕೆಗಾಗಿ ನಮ್ಮಲ್ಲೂ ನಿಷೇಧಾಜ್ಞೆ ಹಾಕಿದ್ದಾರೆ, ಗುಂಪು ಸೇರುವಂತಿಲ್ಲ, ಮಾರಕಾಸ್ತ್ರ ಹಿಡಿದು ಓಡಾಡುವಂತಿಲ್ಲ. ನಾನು ಟೆರೇಸಿನ ಮೇಲೆ ಒಣಗಿದ ಬಟ್ಟೆ ಮಡಚುತ್ತಾ ಕೇಳಿಸಿಕೊಂಡೆ. ಮಾರಕಾಸ್ತ್ರ ಎಂದಾಗ ಕಣ್ಣ ಮುಂದೆ ಬಂದದ್ದು ಲಾಂಗು, ಮಚ್ಚು. ನನ್ನ ಕೆಲಸದ ಚೀಲ ನೆನಪಿಗೇ ಬರಲಿಲ್ಲ.

ಹಳ್ಳಿಗಳ ಶುದ್ಧ ನೀರಿನ ಘಟಕಗಳನ್ನು ರಿಪೇರಿ ಮಾಡುವುದು ನನ್ನ ಕೆಲಸ. ಶಿಕಾರಿಪುರ, ಸೊರಬ ಎರಡೂ ತಾಲ್ಲೂಕು ತಿರುಗುತ್ತೇನೆ. ಚೀಲದಲ್ಲಿ ಫಿಲ್ಟರು, ಪೈಪು, ಟೇಪು, ಜೊತೆಗೆ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾದ ಒಂದು ಮಲ್ಟಿಟೂಲ್. ಬಿಚ್ಚಿದರೆ ಇಕ್ಕಳ, ಅದರ ಹಿಡಿಯೊಳಗೆ ಸ್ಕ್ರೂಡ್ರೈವರ್‌ಗಳು, ಅರ, ಒಂದು ಚಾಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಕೊಂಡದ್ದು. ಆ ಚಾಕುವಿನಿಂದ ನಾನು ಕೊಯ್ದಿದ್ದೆಲ್ಲ ಪ್ಲಾಸ್ಟಿಕ್ ಪೈಪು. ನೇರವಾಗಿ ಕೊಯ್ಯದಿದ್ದರೆ ಜೋಡಣೆಯಲ್ಲಿ ನೀರು ಸೋರುತ್ತದೆ.

ಆ ಬೆಳಿಗ್ಗೆ ಉಳವಿ ಕಡೆಯ ಒಂದು ಹಳ್ಳಿಯಿಂದ ಫೋನು ಬಂದಿತ್ತು. ಘಟಕ ನಿಂತುಹೋಗಿದೆ, ಜನ ಕೊಡ ಹಿಡಿದು ವಾಪಸು ಹೋಗುತ್ತಿದ್ದಾರೆ, ಬೇಗ ಬನ್ನಿ ಎಂದರು. ಸೊರಬದ ಬಸ್ಸು ಹತ್ತಿದೆ. ನನ್ನ ಮುಂದಿನ ಸೀಟಿನಲ್ಲಿ ರೆಕ್ಸಿನ್ ಸುರುಳಿಯೊಂದನ್ನು ಮಂಡಿಗಳ ನಡುವೆ ನಿಲ್ಲಿಸಿಕೊಂಡು ಒಬ್ಬರು ಕೂತಿದ್ದರು. ನಮ್ಮೂರ ಬಸ್‌ಸ್ಟ್ಯಾಂಡಿನ ಹತ್ತಿರ ಬೈಕು, ಟ್ರ್ಯಾಕ್ಟರುಗಳ ಸೀಟು ಹೊಲಿಯುವವರು. ನನ್ನ ಸ್ಕೂಟರಿನ ಸೀಟಿಗೆ ಕವರು ಹಾಕಿಕೊಟ್ಟವರೂ ಅವರೇ. ಸೊರಬದಲ್ಲಿ ಖಾಸಗಿ ಬಸ್ಸೊಂದರ ಸೀಟುಗಳಿಗೆಲ್ಲ ಹೊಸ ಹೊದಿಕೆ ಹಾಕಲು ಹೊರಟಿದ್ದೇನೆ ಎಂದರು. ಅಷ್ಟೇ ಮಾತು. ಬಸ್ಸಿನಲ್ಲಿ ಆ ದಿನ ಯಾರೂ ಹೆಚ್ಚು ಮಾತಾಡುತ್ತಿರಲಿಲ್ಲ.

ಸೊರಬ ಇನ್ನೂ ಸ್ವಲ್ಪ ದೂರವಿರುವಾಗ ರಸ್ತೆಗೆ ಅಡ್ಡ ಇಟ್ಟ ಡ್ರಮ್ಮುಗಳು ಕಂಡವು. ಪಕ್ಕದಲ್ಲಿ ಒಂದು ಸಣ್ಣ ಹೊರಠಾಣೆ. ಎಲ್ಲರೂ ಚೀಲ ಹಿಡಿದು ಇಳಿಯಬೇಕೆಂದರು. ವಯಸ್ಸಾದ ಕಾನ್‌ಸ್ಟೇಬಲ್ ಒಬ್ಬರು ಚೀಲಗಳನ್ನು ನೋಡುತ್ತಿದ್ದರು, ಲಾಠಿ ಹಿಡಿದ ಹೋಮ್‌ಗಾರ್ಡ್ ಸಾಲು ಸರಿಪಡಿಸುತ್ತಿದ್ದ. ಸೀಟು ಹೊಲಿಯುವವರು ನನಗಿಂತ ಮುಂದಿದ್ದರು. ಅವರ ಚೀಲದಿಂದ ದಪ್ಪ ಸೂಜಿ, ನೂಲಿನುಂಡೆ, ಸೀಮೆಸುಣ್ಣ ಬಂದವು. ಕೊನೆಗೆ ಬಟ್ಟೆಯಲ್ಲಿ ಸುತ್ತಿದ್ದ ಒಂದು ಚಾಕು.

"ಎಂಥದ್ರೀ ಇದು?"

"ರೆಕ್ಸಿನ್ ಕೊಯ್ಯೋದ್ರಿ. ಸೀಟಿನ ಕೆಲಸ ನಂದು."

ಕಾನ್‌ಸ್ಟೇಬಲ್ ಹೆಸರು ಕೇಳಿದರು. ಅವರು ಹೇಳಿದರು. ಕಾನ್‌ಸ್ಟೇಬಲ್ ತಲೆಯೆತ್ತಿ ಅವರ ಮುಖವನ್ನು ಇನ್ನೊಮ್ಮೆ ನೋಡಿ, ಚಾಕುವನ್ನು ಮೇಜಿನ ಮೇಲಿಟ್ಟು, "ಬದಿಗೆ ನಿಂತ್ಕಳಿ" ಎಂದರು.

ನನ್ನ ಸರದಿ ಬಂತು. ಅವರು ಮಲ್ಟಿಟೂಲನ್ನು ಕೈಯಲ್ಲಿ ತಿರುಗಿಸಿ ಒಂದೊಂದೇ ಬಿಡಿಸಿದರು. ಚಾಕು ಟಕ್ಕೆಂದು ಹೊರಬಂತು. ನನ್ನ ಕೊರಳಿನ ಗುರುತಿನ ಕಾರ್ಡು ನೋಡಿ ನಕ್ಕರು.

"ಓ, ನೀರಿನ ಮೆಷಿನ್ನಿನೋರಾ? ನಮ್ಮೂರಿಗೂ ನೀವೇ ಬರೋದಲ್ವಾ ಮೇಡಂ? ಒಳಗೆ ಇಟ್ಕಳಿ, ಹೊರಗೆ ತೆಗೀಬೇಡಿ."

ನಾನು ಅದನ್ನು ತೆಗೆದುಕೊಂಡೆ. ಚೀಲದ ಜಿಪ್ಪು ಕೂಡ ಎಳೆದೆ. ಆಮೇಲೆ ಬಾಯಿಂದ ಮಾತು ಹೊರಬಿತ್ತು. "ನನ್ನದೂ ಚಾಕೇ ಅಲ್ವಾ ಸಾರ್? ಅವ್ರದ್ದೂ ಕೆಲಸದ್ದೇ. ಕೊಟ್ಬಿಡಿ, ಪಾಪ."

ನ್ಯಾಯ ಕೇಳಲು ಹೊರಟವಳಲ್ಲ ನಾನು. ಅಂಗಡಿಯಲ್ಲಿ ತರಕಾರಿಯ ಜೊತೆ ಒಂದು ಹಿಡಿ ಕೊತ್ತಂಬರಿ ಹಾಕಿ ಎನ್ನುವ ಧಾಟಿಯಲ್ಲಿ ಹೇಳಿದ್ದೆ. ಹಿಂದೆ ನಿಂತಿದ್ದವರಲ್ಲಿ ಒಬ್ಬ, "ಹೌದಲ್ಲ, ಅವರಿಗೊಂದು ರೂಲು, ಇವರಿಗೊಂದು ರೂಲು?" ಎಂದ. ಇನ್ನೊಬ್ಬ ತನ್ನ ಫೋನು ಮೇಲೆತ್ತಿದ. ಕಾನ್‌ಸ್ಟೇಬಲ್ಲರ ಮುಖದ ನಗು ಹೋಯಿತು.

"ಹಂಗಾರೆ ನೀವೂ ಬದಿಗೆ ನಿಂತ್ಕಳಿ. ಆ ಇಕ್ಕಳ ಇಲ್ಲಿಡಿ. ಸಾಹೇಬ್ರು ಬಂದು ಹೇಳಿದಂಗೆ ಆಗ್ಲಿ. ಫೋನು ಕೆಳಗಿಳಿಸೋ ನೀನು!"

ಬಸ್ಸು ಹೊರಟುಹೋಯಿತು. ಹೊರಠಾಣೆಯ ಬೆಂಚಿನ ಒಂದು ತುದಿಯಲ್ಲಿ ಅವರು, ಇನ್ನೊಂದು ತುದಿಯಲ್ಲಿ ನಾನು, ನಡುವೆ ರೆಕ್ಸಿನ್ ಸುರುಳಿ. ಧನ್ಯವಾದ ಹೇಳುತ್ತಾರೇನೋ ಎಂದು ನಾನು ಒಳಗೊಳಗೇ ಕಾಯುತ್ತಿದ್ದೆ. ಕಾನ್‌ಸ್ಟೇಬಲ್ ಹೊರಗೆ ಇನ್ನೊಂದು ಗಾಡಿ ನೋಡಲು ಹೋದಾಗ ಅವರು ತಗ್ಗಿದ ದನಿಯಲ್ಲಿ ಕೇಳಿದರು.

"ಯಾಕ್ರೀ ಬಾಯಿ ಬಿಟ್ರಿ ನೀವು?"

"ಅಲ್ಲ, ನನ್ನದು ಬಿಟ್ಟು ನಿಮ್ಮದು ಇಟ್ಕೊಂಡ್ರಲ್ಲ..."

"ಇಟ್ಕೊತಿದ್ರು, ಒಂದು ಮಾತು ಬೈತಿದ್ರು, ಬಸ್ ಹತ್ಸಿ ಕಳಿಸ್ತಿದ್ರು. ಇಷ್ಟು ಹೊತ್ತಿಗೆ ನಾನು ಸೊರಬದಾಗ ಇರ್ತಿದ್ದೆ. ಈಗ ಸಾಹೇಬ್ರು ಬರ್ಬೇಕು, ಬರೀಬೇಕು. ಒಂದ್ಸಲ ನನ್ನ ಹೆಸರು ಇಲ್ಲಿ ಬರದ್ರು ಅಂದ್ರ, ಮುಂದ ಎಲ್ಲಿ ಏನಾದ್ರೂ ಮೊದ್ಲು ನನ್ನ ಮನಿ ಬಾಗಿಲಿಗೆ ಬರ್ತಾರ್ರಿ. ನಿಮಗಾದ್ರ ಇವತ್ತಿಗೆ ಮುಗೀತದ."

ನನ್ನ ಕಿವಿ ಬಿಸಿಯಾಯಿತು. ಸಿಟ್ಟೂ ಬಂತು. ಇವರಿಗಾಗಿ ನಾನು ಇಲ್ಲಿ ಕೂತಿದ್ದೇನೆ, ಇವರು ನನ್ನನ್ನೇ ಬೈಯುತ್ತಾರೆ! ಅಷ್ಟರಲ್ಲಿ ಹಳ್ಳಿಯಿಂದ ಫೋನು. "ಎಲ್ಲಿದೀರಿ ಮೇಡಂ, ಬಂದ್ರಾ?" ದಾರಿಯಲ್ಲಿದ್ದೇನೆ ಎಂದೆ. ಪೊಲೀಸರ ಹತ್ತಿರ ಇದ್ದೇನೆ ಎನ್ನಲು ನಾಲಗೆ ಬರಲಿಲ್ಲ. ಆಮೇಲೆ ನನ್ನ ಗಂಡ ಫೋನು ಮಾಡಿದರು. ಅವರಿಗೂ ಹೇಳಲಿಲ್ಲ.

ಮಧ್ಯಾಹ್ನ ಕಳೆಯಿತು. ವೈರ್‌ಲೆಸ್ಸಿನಲ್ಲಿ ಯಾರದೋ ದನಿ ಕರಕರ ಎನ್ನುತ್ತಿತ್ತು. ಪ್ರತಿ ಸಲ ಅದು ಜೋರಾದಾಗ ಕಾನ್‌ಸ್ಟೇಬಲ್ ಒಳಗೆ ಓಡಿಬರುತ್ತಿದ್ದರು, ನಾವಿಬ್ಬರೂ ನೆಟ್ಟಗೆ ಕೂರುತ್ತಿದ್ದೆವು. ಎಲ್ಲೋ ಟೈರು ಸುಟ್ಟಿದ್ದಾರೆ ಎಂದಿತು, ಸ್ವಲ್ಪ ಹೊತ್ತಿಗೆ ಅದು ಸುಳ್ಳು ಎಂದಿತು. ಅಂಥ ಮಾತು ಕೇಳಿದಾಗಲೆಲ್ಲ ಹೋಮ್‌ಗಾರ್ಡಿನ ಕಣ್ಣು ನಮ್ಮ ಬೆಂಚಿನ ಕಡೆ ಬರುತ್ತಿತ್ತು. ನನ್ನ ಕಡೆಗಲ್ಲ, ಆ ಕಡೆಯ ತುದಿಗೆ. ಅದನ್ನು ಅವರೂ ಗಮನಿಸಿದ್ದರು. ಕೈಗಳನ್ನು ಮಂಡಿಯ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟುಕೊಂಡು ಕೂತಿದ್ದರು.

ಬಿಸಿಲು ಇಳಿಯುತ್ತಿದ್ದಂತೆ ಕಾನ್‌ಸ್ಟೇಬಲ್ ಚಡಪಡಿಸತೊಡಗಿದರು. "ಮೇಡಂ, ನೀವು ಹೋಗ್ಬಿಡಿ ಮಾರಾಯ್ರೆ. ಇಲ್ಲಿ ಲೇಡಿ ಪೊಲೀಸ್ ಇಲ್ಲ. ಕತ್ತಲಾದ ಮೇಲೆ ಹೆಂಗಸರನ್ನ ಕೂರಿಸ್ಕಂಡ್ರೆ ನಮಗೆ ತಾಪತ್ರಯ. ನಾಳೆ ಬಂದು ಇಕ್ಕಳ ಇಸ್ಕಳಿ."

ನಾನು ಎದ್ದೆ. ಹೋಗಬೇಕೆಂದೇ ಎದ್ದೆ. ಬೆಳಿಗ್ಗೆಯಿಂದ ಶೌಚಕ್ಕೂ ಹೋಗಿರಲಿಲ್ಲ, ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಚೀಲ ಹೆಗಲಿಗೇರಿಸುವಾಗ ಅವರು ನನ್ನತ್ತ ನೋಡದೆ ಹೇಳಿದರು.

"ಹೋಗ್ಬ್ಯಾಡ್ರಿ. ಸಾಹೇಬ್ರು ಬರೋತನಕ ಇರ್ರಿ. ನೀವಿದ್ರ ಅವ್ರು ಸ್ವಲ್ಪ ಮೆತ್ತಗ ಮಾತಾಡ್ತಾರ."

ನಾನು ಮತ್ತೆ ಕೂತೆ. ಇಕ್ಕಳ ಬಿಟ್ಟು ಬರಲು ಇಷ್ಟವಿರಲಿಲ್ಲ ಎಂಬುದೂ ನಿಜ. ಅವರಿಗಾಗಿ ಎಷ್ಟು, ಇಕ್ಕಳಕ್ಕಾಗಿ ಎಷ್ಟು ಎಂದು ಈಗ ಬಿಡಿಸಿ ಹೇಳಲಾರೆ. ಕಾನ್‌ಸ್ಟೇಬಲ್ ಹಣೆ ಚಚ್ಚಿಕೊಂಡು ಪಕ್ಕದ ಮನೆಯ ಹೆಂಗಸನ್ನು ಕರೆದು, ನನ್ನನ್ನು ಅವರ ಬಚ್ಚಲಿಗೆ ಕಳಿಸಿದರು. ಆಕೆ ಒಂದು ಲೋಟ ಮಜ್ಜಿಗೆ ಕೊಟ್ಟಳು. ಇನ್ನೊಂದು ಲೋಟ ಕೇಳಿ ತಂದು ಬೆಂಚಿನ ಆ ತುದಿಯಲ್ಲಿಟ್ಟೆ. ಅವರು ಕುಡಿದು ಲೋಟ ತೊಳೆದಿಟ್ಟರು.

ಸಬ್‌ಇನ್‌ಸ್ಪೆಕ್ಟರ್ ಜೀಪಿನಿಂದ ಇಳಿದಾಗ ಇನ್ನೂ ಬೆಳಕಿತ್ತು. ಚಿಕ್ಕ ವಯಸ್ಸು, ಕೂಗಿ ಕೂಗಿ ಗಂಟಲು ಕಟ್ಟಿಹೋಗಿತ್ತು. ಕಾನ್‌ಸ್ಟೇಬಲ್ ಹೇಳಿದ್ದನ್ನು ನಿಂತೇ ಕೇಳಿದರು. ಮೊದಲು ರೆಕ್ಸಿನ್ ಚಾಕುವನ್ನು, ಆಮೇಲೆ ನನ್ನ ಮಲ್ಟಿಟೂಲನ್ನು ಎತ್ತಿ ನೋಡಿದರು.

"ಕೆಲಸದ ಸಾಮಾನು ಸಾರ್" ಎಂದೆ. "ಅಷ್ಟು ಸಣ್ಣ ಚಾಕುಗೂ ಕಾನೂನಿದೆಯಾ?"

"ಬೇರೆ ದಿನ ಆಗಿದ್ರೆ ಇಲ್ಲ ಮೇಡಂ. ಅಲಗು ಒಂಬತ್ತಿಂಚು ಉದ್ದ, ಇಲ್ಲಾ ಎರಡಿಂಚು ಅಗಲ ದಾಟಿದ್ರೆ ಲೈಸೆನ್ಸು ಕೇಳ್ತಾರೆ. ಇವೆರಡೂ ಅದರ ಹತ್ತಿರಕ್ಕೂ ಬರಲ್ಲ. ಆದ್ರೆ ಇವತ್ತು ಆಜ್ಞೆ ಇದೆ. ಆಜ್ಞೆಯಲ್ಲಿ ಇಂಚು ಬರೆದಿಲ್ಲ."

"ಕೆಲಸಕ್ಕೆ ಅಂತ ಗೊತ್ತಾಗ್ತದಲ್ಲ ಸಾಹೇಬ್ರೆ" ಎಂದರು ಸೀಟು ಹೊಲಿಯುವವರು.

"ನನಗೆ ಗೊತ್ತಾಗುತ್ತೆ. ನಾಳೆ ಏನಾದ್ರೂ ಆದ್ರೆ, ಚಾಕು ನೋಡಿಯೂ ಬಿಟ್ಟೋನು ಯಾರು ಅಂತ ಕೇಳೋದು ನನ್ನನ್ನ." ಅವರು ಕುರ್ಚಿಯಲ್ಲಿ ಕುಸಿದು ಕಣ್ಣುಜ್ಜಿಕೊಂಡರು. "ಕೇಸು ಹಾಕಲ್ಲ. ಇಬ್ಬರೂ ಮುಚ್ಚಳಿಕೆ ಬರೆದುಕೊಡಿ. ಆಜ್ಞೆ ಮುಗಿಯೋವರೆಗೆ ಚಾಕು ಇಲ್ಲೇ ಇರುತ್ತೆ."

ಕೇಸು ಇಲ್ಲ ಎಂದಾಗ ಪಕ್ಕದಲ್ಲಿ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ನಾನು ಮಾತ್ರ ಅಲ್ಲಿಗೆ ನಿಲ್ಲಿಸಲಿಲ್ಲ. ಇಕ್ಕಳವಿಲ್ಲದೆ ನಾಳೆ ಆ ಹಳ್ಳಿಯಲ್ಲಿ ಒಂದು ನಟ್ಟೂ ಬಿಚ್ಚಲಾಗದು, ಜನಕ್ಕೆ ನೀರಿಲ್ಲ ಎಂದೆ. ಅವರು ಮಲ್ಟಿಟೂಲನ್ನು ನನ್ನ ಕಡೆ ತಳ್ಳಿದರು.

"ಚಾಕು ಒಂದನ್ನ ಬಿಚ್ಚಿಕೊಡಿ. ಉಳಿದದ್ದು ತಗೊಂಡು ಹೋಗಿ."

ಬಿಚ್ಚಲು ನೋಡಿದೆ. ಅದರ ಸ್ಕ್ರೂಗಳಿಗೆ ನಕ್ಷತ್ರದ ಆಕಾರದ ತಲೆ, ನನ್ನ ಹತ್ತಿರ ಅದಕ್ಕೆ ಹೊಂದುವ ಮೊನೆಯಿರಲಿಲ್ಲ. ಇದ್ದದ್ದರಲ್ಲೇ ತಿರುಗಿಸಿ ನೋಡಿದೆ, ಒಂದೆರಡು ಸಲ ಜಾರಿತು. "ಕೊಡ್ರಿ ಇಲ್ಲಿ" ಎಂದು ಅವರು ಕೈ ಚಾಚಿದರು. ನಾನು ಯೋಚಿಸದೆ, ಚಾಕು ತೆರೆದಿದ್ದ ಹಾಗೆಯೇ ಕೊಟ್ಟುಬಿಟ್ಟೆ.

ಹೋಮ್‌ಗಾರ್ಡ್ ಲಾಠಿಯನ್ನು ಎರಡೂ ಕೈಯಲ್ಲಿ ಹಿಡಿದ. ಕಾನ್‌ಸ್ಟೇಬಲ್ ಸಾಹೇಬರ ಮುಂದೆ ಬಂದು ನಿಂತರು. ಸೀಟು ಹೊಲಿಯುವವರಿಗೂ ಅದು ತಿಳಿಯಿತು. ಚಾಕು ಹಿಡಿದ ಕೈಯನ್ನು ಅಲುಗಿಸದೆ ನಿಂತರು.

"ಮುರೀಲೇನ್ರಿ ಸಾಹೇಬ್ರೆ?" ಅವರು ಬಹಳ ನಿಧಾನವಾಗಿ ಕೇಳಿದರು. "ಆ ಬಾಗಿಲಿನ ಸಂದಿನಾಗ ಇಟ್ಟು ಮುರೀತೀನಿ."

ಸಾಹೇಬರು ತಲೆಯಾಡಿಸಿದರು. "ಎಲ್ಲರೂ ಹಿಂದೆ ಸರೀರಿ. ಅವರಿಗೆ ಜಾಗ ಬಿಡಿ."

ಅವರು ಬಾಗಿಲಿನ ಹತ್ತಿರ ಹೋಗಿ, ಕಬ್ಬಿಣದ ಚೌಕಟ್ಟಿನ ಸಂದಿಗೆ ಅಲಗನ್ನು ತೂರಿಸಿ, ರೆಕ್ಸಿನ್ ತುಂಡು ಸುತ್ತಿ ಹಿಡಿದು ಒಮ್ಮೆ ಬಗ್ಗಿಸಿದರು. ಆಗಲಿಲ್ಲ. ಮೈಯ ಭಾರವನ್ನೆಲ್ಲ ಹಾಕಿದರು. ಪಟ್ ಎಂದಿತು. ಹೋಮ್‌ಗಾರ್ಡ್ ಬೆಚ್ಚಿಬಿದ್ದ. ಮುರಿದ ತುಂಡನ್ನು ಅವರು ಮೇಜಿನ ಮೇಲಿಟ್ಟು, ಮೊಂಡಾದ ಮಲ್ಟಿಟೂಲನ್ನು ನನಗೆ ಕೊಟ್ಟರು. ಅವರ ಹೆಬ್ಬೆರಳಿನ ಬುಡದಲ್ಲಿ ರಕ್ತ ಬಂದಿತ್ತು.

ಆಮೇಲೆ ತಮ್ಮ ಚಾಕುವಿನತ್ತ ನೋಡಿ ಕೇಳಿದರು. "ನಂದ್ರಾಗ ಏನು ಬಿಚ್ಚೋದ್ರಿ?"

ಸಾಹೇಬರು ಕಾಗದ ಎಳೆದುಕೊಂಡು, "ಹೇಳಿ, ತಂದೆ ಹೆಸರು?" ಎಂದರು.

ಮರುದಿನ ನಾನು ಆ ಹಳ್ಳಿಗೆ ಹೋದೆ. ನಟ್ಟು, ಬೋಲ್ಟು ಬಿಚ್ಚಲು ಇಕ್ಕಳ ಸಾಕಾಯಿತು. ಪೈಪು ಕೊಯ್ಯಲು ಪಕ್ಕದ ಮನೆಯ ಈಳಿಗೆಮಣೆಯ ಮುಂದೆ ಕೂತೆ. ಮೊದಲ ಸಲ ಸೊಟ್ಟಗಾಗಿ ಸೋರಿತು, ಮತ್ತೆ ಕೊಯ್ದೆ. ಸಂಜೆಗೆ ನೀರು ಬಂತು. ಸೀಟು ಹೊಲಿಯುವವರು ಯಾರದೋ ಕತ್ತರಿ ಇಸಿದುಕೊಂಡು ಕೆಲಸ ಶುರುಮಾಡಿದರಂತೆ. ಅಂಚು ಸರಿಬರದೆ ರೆಕ್ಸಿನ್ ಹಾಳಾಗಿ, ಬಸ್ಸಿನವರು ಕೆಲಸ ಬೇರೆಯವರಿಗೆ ಕೊಟ್ಟರಂತೆ. ಇದು ನನಗೆ ತಿಳಿದದ್ದು ಕೆಲವು ದಿನಗಳ ನಂತರ, ಆಜ್ಞೆ ಮುಗಿದ ಮೇಲೆ, ಅವರು ನಮ್ಮ ಮನೆಗೆ ಬಂದಾಗ. ಒಳಗೆ ಬರಲಿಲ್ಲ, ಗೇಟಿನ ಹತ್ತಿರವೇ ನಿಂತರು. ಚಾಕು ತರಲು ಹೋಗಬೇಕು, ಒಬ್ಬನೇ ಹೋಗಲು ಮನಸ್ಸಿಲ್ಲ ಎಂದರು. ಆ ಚಾಕುವಿನ ಹಿಡಿ ಅವರ ಕೈಗೆ ಕೂತು ಸವೆದದ್ದು, ಹೊಸದು ತಂದು ನೋಡಿದರೂ ಒಗ್ಗಲಿಲ್ಲವಂತೆ.

ಹೋದೆವು. ಹಳೆಯ ಕಾನ್‌ಸ್ಟೇಬಲ್ಲರೇ ಇದ್ದರು, ಸಹಿ ಹಾಕಿಸಿಕೊಂಡು ಪೇಪರಿನಲ್ಲಿ ಸುತ್ತಿದ್ದ ಚಾಕು ಕೊಟ್ಟರು. ಟೀ ಕುಡೀತೀರಾ ಎಂದೂ ಕೇಳಿದರು. ಇವರು ಬೇಡ ಎಂದು ಬೇಗ ಹೊರಬಂದರು.

ರಸ್ತೆಬದಿಯಲ್ಲಿ ಬಸ್ಸಿಗೆ ನಿಂತೆವು. ಚಾಕು ಅವರ ಕೈಯಲ್ಲೇ ಇತ್ತು. ಶಿಕಾರಿಪುರದ ಬಸ್ಸು ಬಂತು, ಅವರು ಕೈ ತೋರಿಸಲಿಲ್ಲ. ಅದು ಹೋಯಿತು. "ಯಾಕೆ?" ಎಂದೆ.

"ಆಜ್ಞೆ ಮುಗಿದೈತಿ, ಗೊತ್ತು ನನಗ. ಆದ್ರೂ ಇದನ್ನ ಇಟ್ಕೊಂಡು ಬಸ್ ಹತ್ತಾಕ ಕಾಲು ಬರವಲ್ದು." ಪೇಪರಿನ ಪೊಟ್ಟಣವನ್ನು ನನ್ನತ್ತ ಹಿಡಿದು ಕೇಳಿದರು. "ನಿಮ್ಮ ಚೀಲದಾಗ ಇಟ್ಕೊತೀರೇನ್ರಿ, ಊರು ಮುಟ್ಟೋತನಕ?"

ನಾನು ಚೀಲದ ಬಾಯಿ ಬಿಚ್ಚಿದೆ. ಅವರು ಫಿಲ್ಟರುಗಳ ಅಡಿಯಲ್ಲಿ ಅದನ್ನು ತೂರಿಸಿದರು. ಮುಂದಿನ ಬಸ್ಸಿನಲ್ಲಿ ಅವರು ಹಿಂದೆ ಕೂತರು, ನಾನು ಮುಂದೆ. ಪರಿಚಯವೇ ಇಲ್ಲದವರಂತೆ ಕೂತೆವು, ಹಾಗೆ ಮಾಡೋಣವೆಂದು ಇಬ್ಬರೂ ಹೇಳಿಕೊಂಡಿರಲಿಲ್ಲ. ದಾರಿಯುದ್ದಕ್ಕೂ ನಾನು ಚೀಲವನ್ನು ತೊಡೆಯ ಮೇಲೆ ಎರಡೂ ಕೈಯಿಂದ ಒತ್ತಿ ಹಿಡಿದಿದ್ದೆ. ಒಂದು ಕಡೆ ರಸ್ತೆ ಬದಿಯಲ್ಲಿ ಜೀಪು ನಿಂತಿತ್ತು. ಬಸ್ಸು ನಿಧಾನವಾದಾಗ ಕಿಟಕಿಯಾಚೆ ಬಗ್ಗಿ ನೋಡಿದೆ. ಕುರಿಮಂದೆಯೊಂದು ರಸ್ತೆ ದಾಟುತ್ತಿತ್ತು, ಅಷ್ಟೇ. ಕುರಿಗಳು ದಾಟಿದವು, ಬಸ್ಸು ಮುಂದೆ ಹೋಯಿತು.

ಶಿಕಾರಿಪುರದಲ್ಲಿ ಇಳಿದು ಅವರ ಅಂಗಡಿಗೆ ಹೋದೆವು. ಅವರು ಪೇಪರು ಬಿಚ್ಚಿ, ಅಲಗನ್ನು ಬೆರಳಿನಿಂದ ಸವರಿ ನೋಡಿದರು. ತುಕ್ಕು ಹಿಡಿದಿರಲಿಲ್ಲ. ಮೂಲೆಯಲ್ಲಿದ್ದ ರೆಕ್ಸಿನ್ ಹಾಳೆ ಎಳೆದು ಉದ್ದಕ್ಕೆ ಒಂದು ಗೆರೆ ಕೊಯ್ದರು. ಆಗ ಮೊದಲ ಸಲ ಅವರ ಮುಖ ಸಡಿಲವಾದದ್ದು ಕಂಡೆ.

ಈಗ ಸೊರಬದ ಕೆಲಸಕ್ಕೆ ಅಲ್ಲಿಯೇ ಗೆಳೆಯರೊಬ್ಬರ ಅಂಗಡಿಯಲ್ಲಿ ಇನ್ನೊಂದು ಚಾಕು ಇಟ್ಟಿದ್ದಾರೆ, ಬಸ್ಸಿನಲ್ಲಿ ಬರಿಗೈಯಲ್ಲಿ ಹೋಗುತ್ತಾರೆ. ನಾನು ಅಲಗೇ ಇಲ್ಲದ ಮಲ್ಟಿಟೂಲ್ ತರಿಸಿಕೊಂಡೆ, ಅಂಥವನ್ನೂ ಮಾಡುತ್ತಾರೆಂದು ಆಮೇಲೆ ತಿಳಿಯಿತು. ಪೈಪಿಗೆ ಬೇರೆ ಕಟರ್ ಇದೆ. ತಪಾಸಣೆಯಲ್ಲಿ ಯಾರಾದರೂ ಮಲ್ಟಿಟೂಲನ್ನು ಕೈಗೆತ್ತಿಕೊಂಡರೆ ಒಂದೊಂದೇ ಬಿಡಿಸಿ, ಚಾಕು ಎಲ್ಲಿ ಎಂದು ಹುಡುಕುತ್ತಾರೆ. ಇಲ್ಲ ಎಂದರೆ ನಂಬದೆ ಮತ್ತೊಮ್ಮೆ ಹುಡುಕುತ್ತಾರೆ. ಆ ಹೊತ್ತಿನಲ್ಲಿ ನಾನು ಸುಮ್ಮನಿರುತ್ತೇನೆ, ಆದರೆ ಸಾಲಿನಲ್ಲಿ ನನ್ನ ಹಿಂದೆ ಯಾರು ನಿಂತಿದ್ದಾರೆಂದು ತಿರುಗಿ ನೋಡದೆ ಇರಲಾಗುವುದಿಲ್ಲ.